ಲಾ ಫರ್ಮ್‌ಗೆ ಲ್ಯಾಟರಲ್ ಪಾರ್ಟ್ನರ್ ತೆಗೆದುಕೊಳ್ಳುವುದು: ಮೊದಲ ಮಾತುಕತೆಯಿಂದ ಮೊದಲ ವರ್ಷದ ವಸೂಲಿವರೆಗೆ

ಬೇರೆ ಫರ್ಮ್‌ನಲ್ಲಿ ಈಗಾಗಲೇ ಪಾರ್ಟ್ನರ್ ಆಗಿರುವವರನ್ನು ಅದೇ ದರ್ಜೆಯಲ್ಲಿ ಕರೆತರುವುದಕ್ಕೆ ವಕೀಲಿ ವಲಯದಲ್ಲಿ ಲ್ಯಾಟರಲ್ ಹೈರ್ ಎನ್ನುತ್ತಾರೆ. ಮುಂಬೈ, ದೆಹಲಿ, ಬೆಂಗಳೂರಿನ ದೊಡ್ಡ ಫರ್ಮ್‌ಗಳಲ್ಲಿ ಇದು ಈಗ ವರ್ಷವಿಡೀ ನಡೆಯುವ ಕೆಲಸ. ಕೈಕೊಡುವುದು ಮಾತ್ರ ಬಹುತೇಕ ಒಂದೇ ಜಾಗದಲ್ಲಿ. ಬರುವವರು ಹೇಳಿದ ಬಿಲ್ಲಿಂಗ್‌ಗೂ ಮೊದಲ ವರ್ಷ ಬ್ಯಾಂಕ್ ಖಾತೆಗೆ ಬಿದ್ದ ಹಣಕ್ಕೂ ಅಜಗಜಾಂತರ ಇರುತ್ತದೆ. ಆ ಅಂತರವನ್ನು ಆಫರ್ ಕೊಡುವ ಮೊದಲೇ ಸಾಕಷ್ಟು ಹತ್ತಿರಕ್ಕೆ ಲೆಕ್ಕ ಹಾಕಬಹುದು; ಹಾಕಲೇಬೇಕು. ಮುಂದಿನದನ್ನು ಫರ್ಮ್ ನಡೆಸುವವರಿಗಾಗಿ ಬರೆದಿದೆ. ಫರ್ಮ್ ಬದಲಿಸಲು ಹೊರಟ ಪಾರ್ಟ್ನರ್ ಇದನ್ನೇ ಎದುರು ಬದಿಯಿಂದ ಓದಿಕೊಳ್ಳಬಹುದು.

ಹಂತ 1: ಕೆಲಸ ಎಲ್ಲಿದೆ ಎಂದು ಮೊದಲು ನೋಡಿ

ವ್ಯಕ್ತಿಯನ್ನು ಹುಡುಕುವ ಮೊದಲು ಒಂದು ಪಟ್ಟಿ ಮಾಡಿ. ಕಳೆದ 12 ತಿಂಗಳಲ್ಲಿ ನಿಮ್ಮದೇ ಕ್ಲೈಂಟ್‌ಗಳು ಕೇಳಿದ, ನಿಮ್ಮಲ್ಲಿ ಮಾಡುವವರಿಲ್ಲದೆ ಹೊರಗೆ ಹೋದ ಕೆಲಸಗಳ ಪಟ್ಟಿ. ಪ್ರತಿ ಪ್ರಾಕ್ಟೀಸ್ ಹೆಡ್ ಕ್ಲೈಂಟ್ ಹೆಸರು, ಕೆಲಸದ ಬಗೆ, ಅಂದಾಜು ಫೀಸು ಬರೆದು ಕೊಡಲಿ. ಈ ಮೊತ್ತ ಹೊಸ ಪಾರ್ಟ್ನರ್ ಮತ್ತು ತಂಡದ ವಾರ್ಷಿಕ ಖರ್ಚಿನ ಅರ್ಧದಷ್ಟಾದರೂ ಇದ್ದರೆ, ಬರುವವರ ಕ್ಲೈಂಟ್‌ಗಳು ತಡವಾಗಿ ಬಂದರೂ ಫರ್ಮ್ ತಾಳಿಕೊಳ್ಳುತ್ತದೆ. ಪಕ್ಕದ ಫರ್ಮ್ ಯಾರನ್ನೋ ತೆಗೆದುಕೊಂಡಿತು ಎಂಬುದು ಕಾರಣವಾಗಲಾರದು.

ಬೇಡಿಕೆ ಎಲ್ಲಿ ಹೆಚ್ಚುತ್ತಿದೆ ಎಂಬುದಕ್ಕೆ ಕಾನೂನಿನ ಬದಲಾವಣೆಗಳೇ ಒಳ್ಳೆಯ ಸೂಚನೆ. 2024ರ ಸೆಪ್ಟೆಂಬರ್ 10ರಿಂದ, ₹2,000 ಕೋಟಿ ಮೀರಿದ ವ್ಯವಹಾರದಲ್ಲಿ ಕೊಳ್ಳಲಾಗುವ ಕಂಪನಿಗೆ ಭಾರತದಲ್ಲಿ ಗಣನೀಯ ವ್ಯವಹಾರ ಇದ್ದರೆ ಸ್ಪರ್ಧಾ ಆಯೋಗದ ಅನುಮತಿ ಬೇಕು. ಆಸ್ತಿ, ವಹಿವಾಟು ಸಣ್ಣದೆಂದು ಮೊದಲು ತಪ್ಪಿಸಿಕೊಳ್ಳುತ್ತಿದ್ದ ಟೆಕ್ ಖರೀದಿಗಳು ಈಗ ಇದರೊಳಗೆ ಬರುತ್ತವೆ. ಬೆಂಗಳೂರಿನ ಸ್ಟಾರ್ಟಪ್ ವ್ಯವಹಾರಗಳಿಗೆ ಇದು ನೇರವಾಗಿ ತಟ್ಟುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆ ಕಾಯ್ದೆಗೆ 2025ರ ನವೆಂಬರ್‌ನಲ್ಲಿ ನಿಯಮಗಳು ಬಂದವು. ಅದೇ ತಿಂಗಳ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಾದವು. ಸ್ಪರ್ಧಾ ಕಾನೂನು, ದತ್ತಾಂಶ, ಉದ್ಯೋಗ ಕಾನೂನು ಗೊತ್ತಿರುವ ಪಾರ್ಟ್ನರ್‌ಗಳಿಗೆ ಇದರಿಂದ ಕೆಲಸ ಹುಟ್ಟುತ್ತದೆ.

ಕಾನೂನು ಕೊಟ್ಟದ್ದನ್ನು ಕಾನೂನೇ ಕಿತ್ತುಕೊಳ್ಳುವುದೂ ಉಂಟು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದಾಗ, ಆ ಉದ್ಯಮವನ್ನೇ ನೆಚ್ಚಿಕೊಂಡ ಯಾವ ವಕೀಲರ ಆದಾಯದ ಲೆಕ್ಕವೂ ಮೊದಲಿನಂತೆ ಉಳಿಯುವ ಹಾಗಿರಲಿಲ್ಲ. 2020ರ ಮಾರ್ಚ್ 25ರಿಂದ ಒಂದು ವರ್ಷದ ಅವಧಿಯ ಬಾಕಿಗಳಿಗೆ ಹೊಸ ದಿವಾಳಿ ಅರ್ಜಿ ಹಾಕುವಂತಿಲ್ಲ ಎಂದಾಗ ದಿವಾಳಿ ಸಂಹಿತೆಯ ವಕೀಲರಿಗೂ ಇದೇ ಅನುಭವ. ಒಬ್ಬ ಪಾರ್ಟ್ನರ್‌ನ ಆದಾಯದಲ್ಲಿ ಶೇ. 40ಕ್ಕಿಂತ ಹೆಚ್ಚು ಒಂದೇ ಉದ್ಯಮದಿಂದ ಅಥವಾ ಒಂದೇ ಕ್ಲೈಂಟ್‌ನಿಂದ ಬರುತ್ತಿದ್ದರೆ ಅಲ್ಲಿ ಒಂದು ಕೆಂಪು ಗುರುತು ಹಾಕಿ.

ಹಂತ 2: ಮೊದಲ ಸಂಪರ್ಕ

ರಿಕ್ರೂಟರ್ ಮೂಲಕ ಹೋದರೆ ಶುಲ್ಕ ಸಾಮಾನ್ಯವಾಗಿ ಮೊದಲ ವರ್ಷದ ಸಂಭಾವನೆಯ ಶೇಕಡಾವಾರು. ಒಂದೇ ಹೆಸರನ್ನು ಇಬ್ಬರು ರಿಕ್ರೂಟರ್‌ಗಳು ಕಳಿಸಿ ಆಮೇಲೆ ಶುಲ್ಕಕ್ಕೆ ಜಗಳವಾಡುವುದು ಮಾಮೂಲು. ಆದ್ದರಿಂದ ಅಭ್ಯರ್ಥಿಯ ಲಿಖಿತ ಒಪ್ಪಿಗೆಯೊಂದಿಗೆ ಮೊದಲು ಹೆಸರು ಕಳಿಸಿದವರಿಗೆ 12 ತಿಂಗಳ ಮಾನ್ಯತೆ ಎಂದು ಒಪ್ಪಂದದಲ್ಲೇ ಬರೆಯಿರಿ. ಪಾರ್ಟ್ನರ್ 12 ತಿಂಗಳೊಳಗೆ ಬಿಟ್ಟುಹೋದರೆ ಶುಲ್ಕದಲ್ಲಿ ಎಷ್ಟು ವಾಪಸು ಎಂಬುದನ್ನೂ ಅಲ್ಲೇ ಸೇರಿಸಿ.

ವ್ಯಾಪಾರ ಸಂಸ್ಥೆಗಳಿಗೆ ಕೊಡುವ ಕಾನೂನು ಸೇವೆಯ ಜಿಎಸ್‌ಟಿಯನ್ನು ರಿವರ್ಸ್ ಚಾರ್ಜ್ ಪ್ರಕಾರ ಕ್ಲೈಂಟ್ ಕಟ್ಟುತ್ತಾರೆ. ಹಾಗಾಗಿ ರಿಕ್ರೂಟರ್ ಬಿಲ್ಲಿನ ಮೇಲಿನ ಶೇ. 18 ಜಿಎಸ್‌ಟಿಗೆ ಆ ಕೆಲಸದ ಮಟ್ಟಿಗೆ ಫರ್ಮ್‌ಗೆ ಕ್ರೆಡಿಟ್ (ಕಟ್ಟಿದ ತೆರಿಗೆಯ ಹೊಂದಾಣಿಕೆ) ಸಿಗುವುದಿಲ್ಲ, ಅದು ಖರ್ಚೇ. ಬಜೆಟ್‌ನಲ್ಲಿ ಇದನ್ನು ಮರೆಯುವವರೇ ಹೆಚ್ಚು.

ಫರ್ಮ್‌ನ ಕಡೆಯಿಂದ ವಿಷಯ ತಿಳಿದವರು ಮೂರು-ನಾಲ್ಕು ಜನ ಮಾತ್ರ ಇರಲಿ. ಸುದ್ದಿ ಸೋರಿದರೆ ನಷ್ಟ ನಿಮಗಲ್ಲ, ಇನ್ನೂ ಹಳೆಯ ಫರ್ಮ್‌ನಲ್ಲಿ ಕೂತಿರುವ ಆ ವ್ಯಕ್ತಿಗೆ.

ಹಂತ 3: ಪ್ರಶ್ನಾವಳಿ

ಎರಡನೇ ಭೇಟಿ ಚೆನ್ನಾಗಿ ಆದ ಮೇಲೆ ಪ್ರಶ್ನಾವಳಿ ಕಳಿಸಿ. ಇವನ್ನು ಕೇಳಿ:

- ಕಳೆದ ಮೂರು ಆರ್ಥಿಕ ವರ್ಷಗಳಲ್ಲಿ ವರ್ಷವಾರು ಬಿಲ್ ಮಾಡಿದ್ದು, ರಿಯಾಯಿತಿ ಬಿಟ್ಟಿದ್ದು, ವಸೂಲಾಗಿದ್ದು, 120 ದಿನ ಮೀರಿದ ಬಾಕಿ.
- ಪ್ರತಿ ದೊಡ್ಡ ಕ್ಲೈಂಟ್‌ಗೆ: ತಂದವರು ಯಾರು, ಕೆಲಸ ಮಾಡಿದವರು ಯಾರು, ಕ್ಲೈಂಟ್ ಕಡೆ ಫೋನ್ ಮಾಡುವವರು ಯಾವ ಹುದ್ದೆಯವರು.
- ಗಂಟೆಯ ದರ, ಅಥವಾ ಫಿಕ್ಸೆಡ್ ಫೀ ಆದರೆ ಒಟ್ಟು ಮೊತ್ತ ಮತ್ತು ಹಿಡಿದ ಗಂಟೆಗಳು.
- ಜೊತೆಗೆ ಬೇಕಾಗುವ ಅಸೋಸಿಯೇಟ್‌ಗಳ (ಕಿರಿಯ ವಕೀಲರ) ಸಂಖ್ಯೆ ಮತ್ತು ಅನುಭವದ ವರ್ಷ. ಹೆಸರು ಬೇಡ.
- ನೋಟಿಸ್ ಅವಧಿ, ಹಳೆಯ ಫರ್ಮ್‌ನಲ್ಲಿರುವ ಬಂಡವಾಳ, ಅದು ವಾಪಸು ಬರುವ ಕಂತು, ಮಾರ್ಚ್ 31ರ ಲಾಭಾಂಶ ಕೈಗೆ ಬರುವ ದಿನ.
- ಬಾರ್ ಕೌನ್ಸಿಲ್ ನೋಂದಣಿ, ಶಿಸ್ತು ದೂರುಗಳು, ವೃತ್ತಿ ಹೊಣೆಗಾರಿಕೆಯ ಕ್ಲೇಮುಗಳು.

ಕೊನೆಯಿಂದ ಎರಡನೆಯ ಸಾಲಿನಿಂದ ಸೇರುವ ದಿನಾಂಕ ನಿರ್ಧಾರವಾಗುತ್ತದೆ. ಏಪ್ರಿಲ್‌ನಿಂದ ಜೂನ್‌ವರೆಗೆ ಇಂಥ ಬದಲಾವಣೆಗಳು ಗುಂಪಾಗಿ ಆಗುವುದಕ್ಕೆ ಮಾರ್ಚ್ ಕೊನೆಯ ಹಂಚಿಕೆಯೇ ದೊಡ್ಡ ಕಾರಣ. ಫೆಬ್ರವರಿಯಲ್ಲೇ ಬನ್ನಿ ಎಂದು ಒತ್ತಾಯಿಸಿದರೆ ಅವರು ಬಿಟ್ಟುಬರುವ ಹಣವನ್ನು ನೀವೇ ತುಂಬಿಕೊಡಬೇಕಾಗುತ್ತದೆ.

ಕ್ಲೈಂಟ್‌ಗಳ ಹೆಸರನ್ನು ಈ ಹಂತದಲ್ಲಿ ಕೇಳಬೇಡಿ. “ಖಾಸಗಿ ಬ್ಯಾಂಕ್ ಅ”, “ಔಷಧ ಕಂಪನಿ ಆ” ಎಂದಿದ್ದರೆ ಸಾಕು. ವಕೀಲರಿಗೆ ಕ್ಲೈಂಟ್ ಹೇಳಿದ್ದು 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 132ರಡಿ ಗೋಪ್ಯ. ಅಮೆರಿಕದ ಬಾರ್ ಅಸೋಸಿಯೇಷನ್ ಫರ್ಮ್ ಬದಲಿಸುವಾಗ ಹಿತಾಸಕ್ತಿ ಸಂಘರ್ಷದ ತಪಾಸಣೆಗೆ ಬೇಕಾದಷ್ಟು ಮಾಹಿತಿ ಕೊಡಲು 2012ರಲ್ಲಿ ತನ್ನ ಮಾದರಿ ನಿಯಮದಲ್ಲೇ ಅವಕಾಶ ಬರೆಯಿತು. ನಮ್ಮ ಬಾರ್ ಕೌನ್ಸಿಲ್ ನಿಯಮಗಳಲ್ಲಿ ಹಾಗೆ ಬಿಡಿಸಿ ಬರೆದಿಲ್ಲ. ಆದ್ದರಿಂದ ಕೈ ಬಿಗಿಹಿಡಿದೇ ಮಾಹಿತಿ ಕೊಡಬೇಕು.

ಹಂತ 4: ಬುಕ್ ಅನ್ನು ಜಾಲಾಡಿ

ಬುಕ್ ಎಂದರೆ ಒಬ್ಬ ಪಾರ್ಟ್ನರ್ ತನ್ನ ಕ್ಲೈಂಟ್‌ಗಳಿಂದ ವರ್ಷಕ್ಕೆ ತರುವ ಬಿಲ್ಲಿಂಗ್. ಇಡೀ ಪ್ರಕ್ರಿಯೆಯಲ್ಲಿ ಹೆಚ್ಚು ಹೊತ್ತು ಕೂರಬೇಕಾದ್ದು ಇಲ್ಲಿ. ಉದಾಹರಣೆಗೆ ಒಬ್ಬ ಕಾರ್ಪೊರೇಟ್ ಪಾರ್ಟ್ನರ್ “ನನ್ನ ಬುಕ್ ₹12 ಕೋಟಿ” ಎನ್ನುತ್ತಾರೆ ಎಂದುಕೊಳ್ಳಿ. ಸುಳ್ಳು ಹೇಳುತ್ತಿಲ್ಲ, ಅಷ್ಟು ಬಿಲ್ ಆಗಿದೆ. ಈಗ ಒಂದೊಂದಾಗಿ ಕಳೆಯುತ್ತ ಬನ್ನಿ.

ರಿಯಾಯಿತಿ ಮತ್ತು ಬಾರದ ಬಾಕಿ ₹1.5 ಕೋಟಿ, ವಸೂಲಾಗಿದ್ದು ₹10.5 ಕೋಟಿ. ಅದರಲ್ಲಿ ₹3 ಕೋಟಿ ಬ್ಯಾಂಕ್ ಪ್ಯಾನೆಲ್‌ನಿಂದ, ಅಂದರೆ ಬ್ಯಾಂಕ್ ಕೆಲಸ ಕೊಡಲು ಇಟ್ಟುಕೊಂಡ ಫರ್ಮ್‌ಗಳ ಪಟ್ಟಿಯಿಂದ, ಬಂದ ಕೆಲಸ. ಪ್ಯಾನೆಲ್‌ನಲ್ಲಿರುವುದು ಹಳೆಯ ಫರ್ಮ್‌ನ ಹೆಸರು, ಆದ್ದರಿಂದ ಅದು ಅಲ್ಲೇ ಉಳಿಯುತ್ತದೆ. ಉಳಿದದ್ದು ₹7.5 ಕೋಟಿ. ಇದರಲ್ಲಿ ₹2 ಕೋಟಿ ಕಳೆದ ವರ್ಷ ಮುಗಿದ ಒಂದೇ ಐಪಿಒದ ಫೀಸು. ಆ ಕಂಪನಿ ಮತ್ತೊಮ್ಮೆ ಐಪಿಒ ಮಾಡುವುದಿಲ್ಲ. ₹5.5 ಕೋಟಿ. ₹1 ಕೋಟಿಯ ಒಬ್ಬ ಕ್ಲೈಂಟ್ ನಿಮ್ಮ ಹಳೆಯ ಕ್ಲೈಂಟ್‌ನ ಎದುರಾಳಿ (ಇದು ಹಂತ 5ರಲ್ಲಿ ಹೆಸರು ನೋಡಿದಾಗ ಖಚಿತವಾಗುತ್ತದೆ). ₹4.5 ಕೋಟಿ.

ಉಳಿದ ಮೂರು ಕ್ಲೈಂಟ್‌ಗಳಿಗೆ ಬರುವ ಸಾಧ್ಯತೆ ಹಾಕಿ. ಸಂಸ್ಥಾಪಕರೇ ನೇರ ಮಾತಾಡುವ ₹2 ಕೋಟಿಯ ಕ್ಲೈಂಟ್‌ಗೆ ಶೇ. 80, ಅಂದರೆ ₹1.6 ಕೋಟಿ. ಜನರಲ್ ಕೌನ್ಸೆಲ್ (ಕಂಪನಿಯ ಕಾನೂನು ಮುಖ್ಯಸ್ಥರು) ಪರಿಚಯವಿದ್ದರೂ ಹಳೆಯ ಫರ್ಮ್‌ನ ಇನ್ನೊಬ್ಬ ಪಾರ್ಟ್ನರ್ ಜೊತೆಗೂ ನಂಟಿರುವ ₹1.5 ಕೋಟಿಯ ಕ್ಲೈಂಟ್‌ಗೆ ಶೇ. 60, ₹90 ಲಕ್ಷ. ಮಧ್ಯದಲ್ಲಿರುವ ಕೆಲಸ ಮುಗಿಯುವವರೆಗೆ ಅಲುಗಾಡದ ₹1 ಕೋಟಿಯ ಕ್ಲೈಂಟ್‌ಗೆ ಶೇ. 30, ₹30 ಲಕ್ಷ. ಒಟ್ಟು ₹2.8 ಕೋಟಿ.

ಇದೂ ಮೊದಲ ವರ್ಷ ಪೂರ್ತಿ ಸಿಗುವುದಿಲ್ಲ. ಮ್ಯಾಟರ್ (ಕ್ಲೈಂಟ್‌ನ ಒಂದೊಂದು ಕೆಲಸದ ಕಡತ) ತೆರೆದು, ಕೆಲಸ ಮಾಡಿ, ಬಿಲ್ ಕಳಿಸಿ, ಹಣ ಬರುವಷ್ಟರಲ್ಲಿ ಐದು ತಿಂಗಳು ಹಿಡಿಯಿರಿ. ಏಳು ತಿಂಗಳ ಪಾಲು ಸುಮಾರು ₹1.63 ಕೋಟಿ. ಖರ್ಚಿನ ಕಡೆ: ಡ್ರಾ (ಪಾರ್ಟ್ನರ್ ವರ್ಷದಲ್ಲಿ ತೆಗೆದುಕೊಳ್ಳುವ ಹಣ) ₹2 ಕೋಟಿ, ಮೂವರು ಅಸೋಸಿಯೇಟ್‌ಗಳಿಗೆ ₹80 ಲಕ್ಷ, ಜಾಗ, ತಂತ್ರಾಂಶ, ವಿಮೆ ಸೇರಿ ₹60 ಲಕ್ಷ, ರಿಕ್ರೂಟರ್‌ಗೆ ಶೇ. 25ರ ಲೆಕ್ಕದಲ್ಲಿ ₹50 ಲಕ್ಷ, ಅದರ ಜಿಎಸ್‌ಟಿ ₹9 ಲಕ್ಷ. ಒಟ್ಟು ₹3.99 ಕೋಟಿ. ಮೊದಲ ವರ್ಷ ₹2.36 ಕೋಟಿ ಫರ್ಮ್ ತನ್ನ ಜೇಬಿನಿಂದ ಹಾಕಬೇಕು. ಎರಡನೇ ವರ್ಷ ಖರ್ಚು ₹3.4 ಕೋಟಿ, ವಸೂಲಿ ₹2.8 ಕೋಟಿ, ಇನ್ನೂ ₹60 ಲಕ್ಷ ಕಡಿಮೆ. ಹಂತ 1ರ ಪಟ್ಟಿಯಲ್ಲಿ ಅಷ್ಟು ಕೆಲಸ ಇದೆಯೇ? ಇದ್ದರೆ ಮುಂದುವರಿಯಿರಿ. ಇಲ್ಲದಿದ್ದರೆ ಡ್ರಾ ಇಳಿಸುವ ಮಾತಾಡಿ, ಅಥವಾ ಇಲ್ಲಿಗೇ ನಿಲ್ಲಿಸಿ.

ಇನ್ನೊಂದು ತಪಾಸಣೆ ದರದ್ದು. ಹಳೆಯ ಫರ್ಮ್‌ನಲ್ಲಿ ಗಂಟೆಗೆ ₹18,000 ಇದ್ದು ನಿಮ್ಮಲ್ಲಿ ಅದೇ ದರ್ಜೆಗೆ ₹25,000 ಆದರೆ, ಪ್ರೀತಿಯಿಂದ ಬರಬೇಕೆಂದಿದ್ದ ಕ್ಲೈಂಟ್ ಕೂಡ ಹಿಂದೇಟು ಹಾಕುತ್ತಾರೆ. ಎಷ್ಟು ತಿಂಗಳು ಹಳೆಯ ದರ ನಡೆಯುತ್ತದೆ ಎಂಬುದನ್ನು ಸೇರುವ ಮೊದಲೇ ತೀರ್ಮಾನಿಸಿ.

ಹಂತ 5: ಕಾನ್‌ಫ್ಲಿಕ್ಟ್ ಚೆಕ್

ಕಾನ್‌ಫ್ಲಿಕ್ಟ್ ಎಂದರೆ ಬರುವವರ ಕ್ಲೈಂಟ್ ಹಿತಕ್ಕೂ ಫರ್ಮ್‌ನ ಕ್ಲೈಂಟ್ ಹಿತಕ್ಕೂ ಬೀಳುವ ತಿಕ್ಕಾಟ. ಎರಡೂ ಕಡೆ ಗಂಭೀರವಾದ ಮೇಲೆ, ಗೋಪ್ಯತಾ ಒಪ್ಪಂದಕ್ಕೆ ಸಹಿ ಆದ ಮೇಲೆ, ಕ್ಲೈಂಟ್ ಮತ್ತು ಎದುರು ಪಕ್ಷದ ಹೆಸರುಗಳು ಕಾನ್‌ಫ್ಲಿಕ್ಟ್ ತಂಡಕ್ಕೆ ಮಾತ್ರ ಹೋಗಲಿ. ಪ್ರಾಕ್ಟೀಸ್ ಪಾರ್ಟ್ನರ್‌ಗಳಿಗೆ ಬೇಡ. ಇನ್ನೂ ಬಹಿರಂಗವಾಗದ ಖರೀದಿ, ತನಿಖೆ ಇದ್ದರೆ ಅದರ ಹೆಸರನ್ನು ಕ್ಲೈಂಟ್ ಒಪ್ಪಿಗೆ ಇಲ್ಲದೆ ಕೊಡುವಂತಿಲ್ಲ.

ಒಮ್ಮೆ ಒಬ್ಬ ಪಕ್ಷಕಾರರಿಗೆ ಸಲಹೆ ಕೊಟ್ಟ, ಪ್ಲೀಡಿಂಗ್ (ದಾವೆಯ ಅರ್ಜಿ, ಉತ್ತರ) ಬರೆದ ವಕೀಲರು ಎದುರು ಪಕ್ಷದ ಪರ ನಿಲ್ಲುವಂತಿಲ್ಲ ಎನ್ನುತ್ತದೆ ಬಾರ್ ಕೌನ್ಸಿಲ್ ನಿಯಮ 33. ಗುಂಪಿನ ಕಂಪನಿಗಳನ್ನೂ ಹುಡುಕಿ. ತಾಯಿ ಕಂಪನಿಯ ಹೆಸರು ಮಾತ್ರ ಹಾಕಿ ಅಂಗಸಂಸ್ಥೆಯನ್ನು ಬಿಟ್ಟರೆ ತಪ್ಪು ಅಲ್ಲೇ ನುಸುಳುತ್ತದೆ. ಮಧ್ಯಸ್ಥಿಕೆಗೆ ಪ್ರತ್ಯೇಕ ಪಟ್ಟಿ ಮಾಡಿ. ಬರುವವರು ವಕೀಲರಾಗಿರುವ ಪ್ರಕರಣದಲ್ಲಿ ನಿಮ್ಮ ಫರ್ಮ್‌ನ ಒಬ್ಬರು ಮಧ್ಯಸ್ಥಗಾರರಾಗಿ ಕೂತಿದ್ದರೆ, ಸೇರಿದ ದಿನವೇ ಆ ಮಧ್ಯಸ್ಥಗಾರರು 1996ರ ಕಾಯ್ದೆಯ ಸೆಕ್ಷನ್ 12(5) ಮತ್ತು ಏಳನೇ ಅನುಸೂಚಿಯಡಿ ಅನರ್ಹರಾಗುವ ಸ್ಥಿತಿ ಬರುತ್ತದೆ. ವರ್ಷಗಟ್ಟಲೆ ನಡೆದ ವಿಚಾರಣೆ ಇದರಿಂದ ಕೆಡಬಹುದು.

ಹಂತ 6: ಹಣದ ಷರತ್ತುಗಳು

ಖಾತರಿ ಸಂಭಾವನೆ ಎಷ್ಟು ಅಪಾಯಕಾರಿ ಎಂಬುದನ್ನು ನ್ಯೂಯಾರ್ಕಿನ ಡ್ಯೂಯಿ ಆ್ಯಂಡ್ ಲಬಫ್ ತೋರಿಸಿತು. 2007ರ ವಿಲೀನದಿಂದ ಹುಟ್ಟಿ, ಸಾವಿರಕ್ಕೂ ಹೆಚ್ಚು ವಕೀಲರಿದ್ದ ಆ ಫರ್ಮ್ ಹಲವು ಪಾರ್ಟ್ನರ್‌ಗಳಿಗೆ ಖಾತರಿ ಮೊತ್ತ ಕೊಡುವ ಭರವಸೆ ಕೊಟ್ಟಿತ್ತು. ಆದಾಯ ಕುಸಿದಾಗ ಆ ಭಾರ ಹೊರಲಾಗಲಿಲ್ಲ, ಪಾರ್ಟ್ನರ್‌ಗಳು ಸಾಲುಸಾಲಾಗಿ ಹೊರಟರು, 2012ರ ಮೇ ತಿಂಗಳಲ್ಲಿ ಫರ್ಮ್ ದಿವಾಳಿ ಅರ್ಜಿ ಹಾಕಿತು. ಖಾತರಿ 12 ತಿಂಗಳು, ಹೆಚ್ಚೆಂದರೆ 18; ಆಮೇಲೆ ಎಲ್ಲರಿಗೂ ಇರುವ ನಿಯಮವೇ ಅವರಿಗೂ. ಇದಕ್ಕಿಂತ ಮುಂದೆ ಹೋಗಬೇಡಿ.

ಲಾಕ್‌ಸ್ಟೆಪ್, ಅಂದರೆ ಸೇವಾ ಹಿರಿತನದ ಮೇಲೆ ಲಾಭ ಹಂಚುವ ಪದ್ಧತಿಯ ಫರ್ಮ್‌ಗಳಲ್ಲಿ ಲ್ಯಾಟರಲ್‌ಗೆ ಯಾವ ಮೆಟ್ಟಿಲು ಎಂಬುದೇ ತಕರಾರು. ಈ ಪದ್ಧತಿಗೇ ಹೆಸರಾಗಿದ್ದ ನ್ಯೂಯಾರ್ಕಿನ ಫರ್ಮ್ ಕ್ರವಾತ್ ಕೂಡ 2021ರ ಕೊನೆಯಲ್ಲಿ ಅದನ್ನು ಸಡಿಲಿಸಿತು, 2023ರಲ್ಲಿ ಸಂಬಳದ ಪಾರ್ಟ್ನರ್ ದರ್ಜೆ ತಂದಿತು. ಹೊಸಬರನ್ನು 12ರಿಂದ 24 ತಿಂಗಳು ನಿಗದಿತ ಪಾಲಿನಲ್ಲಿಟ್ಟು ಆಮೇಲೆ ಈಕ್ವಿಟಿಗೆ (ಫರ್ಮ್‌ನ ಮಾಲೀಕತ್ವ, ಲಾಭದ ಪಾಲಿಗೆ) ತೆಗೆದುಕೊಳ್ಳುವುದು ಎರಡೂ ಕಡೆಗೆ ನ್ಯಾಯ. ಈಕ್ವಿಟಿಗೆ ಬೇಕಾದ ವಸೂಲಿ ಅಂಕಿಯನ್ನು ಆಫರ್ ಪತ್ರದಲ್ಲೇ ಬರೆಯಿರಿ. “ಒಳ್ಳೆಯ ಸಾಧನೆ ಆಧರಿಸಿ” ಎಂದು ಬರೆದರೆ ಎರಡು ವರ್ಷದ ನಂತರ ಇಬ್ಬರೂ ಬೇರೆಬೇರೆ ಅರ್ಥ ಮಾಡಿಕೊಂಡಿರುತ್ತಾರೆ.

ಒರಿಜಿನೇಷನ್ ಕ್ರೆಡಿಟ್, ಅಂದರೆ ಕೆಲಸ ತಂದವರು ಯಾರು ಎಂಬ ಲೆಕ್ಕದ ಬಗ್ಗೆಯೂ ಅಷ್ಟೇ ಬಿಡಿಸಿ ಬರೆಯಬೇಕು. ಫರ್ಮ್‌ನ ಹಳೆಯ ಕ್ಲೈಂಟ್ ಹೊಸ ಪಾರ್ಟ್ನರ್‌ಗೆ ಕೆಲಸ ಕೊಟ್ಟರೆ ಕ್ರೆಡಿಟ್ ಯಾರಿಗೆ? ಕ್ರೆಡಿಟ್ ಪೂರ್ತಿ ಹಳೆಯ ಪಾರ್ಟ್ನರ್‌ಗೇ ಹೋದರೆ ಹೊಸಬರು ಆ ಕೆಲಸಕ್ಕೆ ಕೈಹಾಕುವುದಿಲ್ಲ. ಪೂರ್ತಿ ಹೊಸಬರಿಗೆ ಹೋದರೆ ಹಳಬರು ಪರಿಚಯವನ್ನೇ ಮಾಡಿಸುವುದಿಲ್ಲ. ಮೊದಲ ಎರಡು ವರ್ಷ ಇಬ್ಬರಿಗೂ ಅರ್ಧರ್ಧ ಎಂಬ ಸರಳ ನಿಯಮ ಕೆಲಸ ಮಾಡುತ್ತದೆ.

ತೆರಿಗೆಯ ಒಂದು ವಿಷಯ: 2025ರ ಏಪ್ರಿಲ್ 1ರಿಂದ ಪಾರ್ಟ್ನರ್‌ಗೆ ಕೊಡುವ ಸಂಬಳ, ಸಂಭಾವನೆ, ಬೋನಸ್, ಬಡ್ಡಿ ವರ್ಷಕ್ಕೆ ₹20,000 ದಾಟಿದರೆ ಫರ್ಮ್ ಶೇ. 10 ಟಿಡಿಎಸ್ ಹಿಡಿಯಬೇಕು. ಲಾಭದ ಪಾಲಿಗೆ ಇದು ಇಲ್ಲ. ತಿಂಗಳಿಗೆ ಕೈಗೆ ಎಷ್ಟು ಬರುತ್ತದೆ ಎಂದು ಮಾತಾಡುವಾಗ ಇದನ್ನು ಕಳೆದು ಹೇಳಿ.

ಹಂತ 7: ಹಳೆಯ ಫರ್ಮ್ ಬಿಡುವುದು

ಕ್ರಮ ತಪ್ಪಿದರೆ ನ್ಯಾಯಾಲಯದ ನೋಟಿಸ್ ಬರುವುದು ಈ ಹಂತದಲ್ಲಿ. 1932ರ ಪಾಲುದಾರಿಕೆ ಕಾಯ್ದೆಯ ಸೆಕ್ಷನ್ 9ರ ಪ್ರಕಾರ ಪಾರ್ಟ್ನರ್‌ಗಳು ಪರಸ್ಪರ ನಿಷ್ಠರಾಗಿರಬೇಕು. ರಾಜೀನಾಮೆಗೆ ಮೊದಲು ಕ್ಲೈಂಟ್‌ಗಳನ್ನು ಸೆಳೆಯುವುದು, ಅಸೋಸಿಯೇಟ್‌ಗಳ ಜೊತೆ ಸಂಬಳದ ಮಾತಾಡುವುದು ಈ ನಿಷ್ಠೆಗೆ ವಿರುದ್ಧ. ಮೊದಲು ರಾಜೀನಾಮೆ, ನಂತರ ಹಳೆಯ ಫರ್ಮ್ ಜೊತೆ ಕೂತು ಮಾತು, ಆಮೇಲೆ ಸಾಧ್ಯವಾದರೆ ಇಬ್ಬರೂ ಸೇರಿ ಕ್ಲೈಂಟ್‌ಗೆ ಒಂದು ಪತ್ರ: ಇಲ್ಲೇ ಇರಬಹುದು, ಜೊತೆ ಹೋಗಬಹುದು, ಬೇರೆಯವರ ಬಳಿಯೂ ಹೋಗಬಹುದು. ಆಯ್ಕೆ ಕ್ಲೈಂಟ್‌ದು.

ಸ್ಪರ್ಧಾ ನಿರ್ಬಂಧದ ಕಲಮು ಇದ್ದರೆ ಫರ್ಮ್ ಯಾವ ಬಗೆಯದು ಎಂದು ನೋಡಿ. ಸಾಮಾನ್ಯ ಪಾಲುದಾರಿಕೆಯಾದರೆ ಸೆಕ್ಷನ್ 36(2), ಸಮಂಜಸವಾದ ಕಾಲ ಅಥವಾ ಪ್ರದೇಶದ ಮಿತಿಯೊಳಗಿನ ನಿರ್ಬಂಧವನ್ನು ಒಪ್ಪುತ್ತದೆ. ಬೇರೆ ಒಪ್ಪಂದ ಇಲ್ಲದಿದ್ದರೆ 36(1)ರ ಪ್ರಕಾರ ಸ್ಪರ್ಧೆ ಮಾಡಬಹುದು, ಆದರೆ ಹಳೆಯ ಫರ್ಮ್‌ನ ಹೆಸರು ಬಳಸುವಂತಿಲ್ಲ, ಅದರ ಗಿರಾಕಿಗಳನ್ನು ಕರೆಯುವಂತಿಲ್ಲ. ಎಲ್‌ಎಲ್‌ಪಿಗೆ (ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆಗೆ) 1932ರ ಕಾಯ್ದೆ ಅನ್ವಯಿಸುವುದಿಲ್ಲ. ಅಲ್ಲಿ ವೃತ್ತಿ, ವ್ಯಾಪಾರ ತಡೆಯುವ ಕರಾರನ್ನು ಅಸಿಂಧು ಎನ್ನುವ ಕರಾರು ಕಾಯ್ದೆಯ ಸೆಕ್ಷನ್ 27 ಎದುರು ನಿಲ್ಲುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಧೈರ್ಯ ಹೇಳುವವರ ಮಾತು ಕೇಳಬೇಡಿ.

ಹೊಣೆಗಾರಿಕೆ ಕಳಚಲು ಕಾಗದವೂ ಬೇಕು. ಪಾಲುದಾರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಆಗುವವರೆಗೆ ಮೂರನೆಯವರ ಎದುರು ಹೊಣೆ ಉಳಿಯಬಹುದು. ಎಲ್‌ಎಲ್‌ಪಿಯಾದರೆ ಬದಲಾವಣೆಯ ಫಾರ್ಮ್ 4 ಅನ್ನು 30 ದಿನದೊಳಗೆ ಸಲ್ಲಿಸಬೇಕು. ಸಲ್ಲಿಕೆಯಾದ ರಸೀದಿ ಕೇಳಿ ಪಡೆಯಿರಿ.

ಫೈಲುಗಳ ವಿಷಯದಲ್ಲಿ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2000ದಲ್ಲೇ ಸ್ಪಷ್ಟವಾಗಿ ಹೇಳಿದೆ: ಫೀಸು ಬಾಕಿ ಇದೆ ಎಂದು ವಕೀಲರು ಕಕ್ಷಿದಾರರ ಕಡತ ಹಿಡಿದಿಟ್ಟುಕೊಳ್ಳುವಂತಿಲ್ಲ. ಆದರೂ ಹೊರಡುವ ಪಾರ್ಟ್ನರ್ ತಾವೇ ಕಡತ ಎತ್ತಿಕೊಳ್ಳಬಾರದು. ಕಕ್ಷಿದಾರರೇ ಹಳೆಯ ಫರ್ಮ್‌ಗೆ ಪತ್ರ ಬರೆದು ಕೇಳಲಿ. ಸ್ವಂತ ಜಿಮೇಲ್‌ಗೆ ಕಳಿಸಿಕೊಂಡ ಕರಡುಗಳು ಐಟಿ ಲಾಗ್‌ನಲ್ಲಿ ಮೊದಲು ಸಿಗುವ ಪುರಾವೆ.

ಕೋರ್ಟಿನಲ್ಲಿರುವ ಪ್ರಕರಣಗಳಿಗೆ ಮುಂದಿನ ದಿನಾಂಕದ ಪ್ರಕಾರ ಪಟ್ಟಿ ಮಾಡಿ, ಮೊದಲ 30 ದಿನದೊಳಗೆ ಬರುವವನ್ನು ಮೇಲಿಡಿ. ವಕಾಲತ್ತಿನಲ್ಲಿ ಯಾರ ಯಾರ ಹೆಸರಿದೆ ನೋಡಿ. ಬಾರ್ ಕೌನ್ಸಿಲ್ ನಿಯಮ 39ರ ಪ್ರಕಾರ ಮೊದಲಿನ ವಕೀಲರ ಒಪ್ಪಿಗೆ ಬೇಕು. ಅದಕ್ಕೇ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ಪಡೆದು ಹೊಸ ವಕಾಲತ್ತು ಹಾಕುವುದು. ಕೊಡದಿದ್ದರೆ ಕಾರಣ ತಿಳಿಸಿ ನ್ಯಾಯಾಲಯದ ಅನುಮತಿ ಕೇಳಬೇಕು. ಈ-ಫೈಲಿಂಗ್‌ನಲ್ಲಿ ನೋಟಿಸ್ ಬರುವ ಇಮೇಲ್ ಬದಲಿಸಲು ಮರೆತರೆ ಆದೇಶಗಳು ಹಳೆಯ ಫರ್ಮ್‌ನ ಪೆಟ್ಟಿಗೆಯಲ್ಲೇ ಬೀಳುತ್ತವೆ, ಕಾಲಮಿತಿ ಓಡುತ್ತಿರುತ್ತದೆ.

ಹೊಸ ಫರ್ಮ್‌ನ ಪ್ರಕಟಣೆ ಹೆಸರು, ಪ್ರಾಕ್ಟೀಸ್, ಊರು ಇಷ್ಟಕ್ಕೇ ನಿಲ್ಲಲಿ. ಗೆದ್ದ ಪ್ರಕರಣ, ದೊಡ್ಡ ಡೀಲುಗಳ ಪಟ್ಟಿ ಹಾಕಿದರೆ ನಿಯಮ 36ರ ಜಾಹೀರಾತು ನಿಷೇಧಕ್ಕೆ ಸಿಕ್ಕಿಬೀಳಬಹುದು.

ಹಂತ 8: ಮೊದಲ ವರ್ಷ

ಸೇರುವ ದಿನಕ್ಕೆ ಮ್ಯಾಟರ್ ಕೋಡ್‌ಗಳು, ಎಂಗೇಜ್‌ಮೆಂಟ್ ಲೆಟರ್ (ಕ್ಲೈಂಟ್ ಕೆಲಸ ಒಪ್ಪಿಸುವ ಪತ್ರ) ಕರಡುಗಳು, ಕನಿಷ್ಠ ಒಬ್ಬ ಅಸೋಸಿಯೇಟ್ ಸಿದ್ಧ ಇರಬೇಕು. ಹೊಸ ಮ್ಯಾಟರ್ ತೆರೆಯಲು ಮೂರು ವಾರ ತೆಗೆದುಕೊಂಡರೆ ಆ ಅವಸರದ ಕೆಲಸ ಹಳೆಯ ಫರ್ಮ್‌ಗೇ ಹಿಂತಿರುಗುತ್ತದೆ.

ಒಬ್ಬ ಹಳೆಯ ಪಾರ್ಟ್ನರ್‌ನನ್ನು ಹೊಣೆಗಾರರನ್ನಾಗಿ ಮಾಡಿ. ಹೊಸಬರ ಮೊದಲ ವರ್ಷದ ಫಲಿತಾಂಶ ಅವರ ಬೋನಸ್‌ನಲ್ಲೂ ಕಾಣಲಿ. ಇಲ್ಲದಿದ್ದರೆ ಪರಿಚಯದ ಊಟಗಳು ಎರಡು ತಿಂಗಳಲ್ಲಿ ನಿಂತುಹೋಗುತ್ತವೆ. 90 ದಿನದೊಳಗೆ ಫರ್ಮ್‌ನ ಹತ್ತು ಕ್ಲೈಂಟ್‌ಗಳ ಮುಂದೆ ಹೊಸಬರು ಕೂತಿರಬೇಕು. ತಿಂಗಳಿಗೊಮ್ಮೆ ಹಂತ 4ರ ಅದೇ ಪಟ್ಟಿಯನ್ನು ತೆರೆದಿಟ್ಟು ಯಾವ ಕ್ಲೈಂಟ್ ಬಂದರು, ಬಿಲ್ ಎಷ್ಟು, ಹಣ ಎಷ್ಟು ಎಂದು ಮಾತ್ರ ನೋಡಿ.

ಆರನೇ ತಿಂಗಳಿಗೆ ತೆರೆದ ಮ್ಯಾಟರ್‌ಗಳು ನಿರೀಕ್ಷೆಯ ಅರ್ಧಕ್ಕಿಂತ ಕಡಿಮೆ ಇದ್ದರೆ ಕಾರಣ ಹುಡುಕಿ: ದರವೇ, ತಂಡವೇ, ಕಾನ್‌ಫ್ಲಿಕ್ಟ್‌ನಲ್ಲಿ ಸಿಕ್ಕಿಬಿದ್ದಿದ್ದೇ, ಅಥವಾ ಕ್ಲೈಂಟ್ ಹಳೆಯ ಫರ್ಮ್‌ನಲ್ಲೇ ನೆಲೆನಿಂತರೇ? ಮೊದಲ ಮೂರನ್ನು ಫರ್ಮ್ ಸರಿಮಾಡಬಹುದು, ಮತ್ತು ಅದು ಫರ್ಮ್‌ನದೇ ಹೊಣೆ. ನಾಲ್ಕನೆಯದಾದರೆ ಖಾತರಿ ಮುಗಿಯುವ ತಿಂಗಳವರೆಗೆ ಕಾಯದೆ ಆಗಲೇ ಕೂತು ಮಾತಾಡಿ. ಸಂಭಾವನೆ ಇಳಿಸುವುದೋ, ಪಾರ್ಟ್ನರ್ ಅಲ್ಲದ ಕೌನ್ಸೆಲ್ ದರ್ಜೆಗೆ ಬದಲಿಸುವುದೋ, ಗೌರವದಿಂದ ಬೀಳ್ಕೊಡುವುದೋ ತೀರ್ಮಾನಿಸಲು ಅವರಿಗೂ ಕನಿಷ್ಠ ಆರು ತಿಂಗಳ ಸಮಯ ಸಿಗಬೇಕು.